ಎತ್ತಿದ ಕೈ

ಅಲ್ಲ, ಅಲ್ಲ, ಅಲ್ಲ! ನಾನು ಹೇಳಿದ್ದು ಹಾಗಲ್ಲಪ್ಪ. ಆ ಇಸ್ತ್ರಿ ಪೆಟ್ಟಿಗೆ ಪಕ್ಕಕ್ಕಿಟ್ಟು ಒಂದು ನಿಮಿಷ ನನ್ನ ಕಡೆ ನೋಡು. ಬೇಡ್ವಾ? ಸರಿ, ನೋಡಬೇಡ. ಕಿವಿ ಇದೆಯಲ್ಲ, ಕೇಳಿಸ್ಕೋ. ನಿನ್ನ ಬಾಯಿಗೆ ಯಾರೂ ಬೀಗ ಹಾಕಿಲ್ಲ. ನಿನ್ನೆ ಸಭೇಲಿ ತೀರ್ಮಾನ ಆಗಿದ್ದು ಇಷ್ಟೇ, ಕೆಲಸದ ಹೊತ್ತಲ್ಲಿ ಈ ಲಾಂಡ್ರಿ ಒಳಗೆ ಗುನುಗಬಾರದು. ಗುನುಗಬಾರದು ಅಂದ್ರೆ ಮಾತಾಡಬಾರದು ಅಂತಾನಾ? ಮಾತಾಡು! ಬೈಯಿ! ಬೇಕಾದ್ರೆ ನನ್ನನ್ನೇ ಬೈಯಿ! ಸಭೆ ಮುಗಿದಾಗಿಂದ ಮಾತಿಲ್ಲ ಕತೆ ಇಲ್ಲ. ಬೆಳಿಗ್ಗೆ ಬಂದವನು ಒಂದೇ ಒಂದು ಮಾತು, 'ಅಧ್ಯಕ್ಷರೇ, ಈ ರಾಶಿ ಮುಗಿಸಿ ಹೊರಡ್ತೀನಿ, ನಾಳೆಯಿಂದ ಬರಲ್ಲ.' ಅಧ್ಯಕ್ಷರೇ! ನಿನ್ನಕ್ಕನ್ನ ಮದುವೆ ಆದ ದಿನದಿಂದ ನಿನ್ನ ಬಾಯಲ್ಲಿ ನಾನು ಭಾವ. ರಾತ್ರಿ ಕಳೆಯೋದರೊಳಗೆ ಅಧ್ಯಕ್ಷ ಆಗಿಬಿಟ್ಟೆ.

ಸರಿ ಬಿಡು. ಈ ಅಂಗಿ ತಂದಿದ್ದೀನಿ, ಇದನ್ನೊಂದು ಆ ರಾಶಿ ತುದೀಲಿ ಸೇರಿಸ್ಕೋ. ನೆಪ ಅಲ್ಲ ಕಣೋ, ನಿಜವಾಗ್ಲೂ ಬೇಕು. ಸಂಜೆ ಒಕ್ಕೂಟದ ಸಭೆ, ಗೊತ್ತಲ್ಲ. ಬೇರೆ ಯಾರ ಕೈಗಾದ್ರೂ ಕೊಡಬಹುದಿತ್ತು, ಆದ್ರೆ ಇಸ್ತ್ರೀಲಿ ನಿಂದು ಎತ್ತಿದ ಕೈ, ಅದನ್ನ ಯಾರೂ ಇಲ್ಲ ಅನ್ನೋಕಾಗಲ್ಲ. ಗಂಜಿ ಮಾತ್ರ ಸ್ವಲ್ಪ ನೋಡ್ಕೊಂಡು ಹಾಕು. ಹೋದ ಸಲ ನೀನು ಹಾಕಿದ ಗಂಜಿಗೆ ಸಭೆ ಪೂರ್ತಿ ನನಗೆ ಕತ್ತು ತಿರುಗಿಸೋಕೆ ಆಗಲಿಲ್ಲ. ಎಲ್ಲರೂ ಏನಂದ್ಕೊಂಡ್ರು? ಅಧ್ಯಕ್ಷರಿಗೆ ಜಂಬ ಅಂದ್ಕೊಂಡ್ರು.

ನಗ್ತಾ ಇದ್ದೀಯಾ? ಇಲ್ವಾ? ಇಲ್ಲ. ನಿನ್ನ ಮುಖದ ಮುಂದೆ ಏನೋ ಅಲ್ಲಾಡ್ತು, ನಗು ಅಂದ್ಕೊಂಡೆ. ಆವಿ.

ಭಾಷಣಕ್ಕೆ ನನಗೇನು ವಿಷಯ ಕೊಟ್ಟಿದ್ದಾರೆ ಗೊತ್ತಾ? 'ದಿನನಿತ್ಯದ ಬದುಕಿನಲ್ಲಿ ಪ್ರಜಾಪ್ರಭುತ್ವ.' ಊರಲ್ಲಿರೋ ಅಷ್ಟೂ ಸಂಘದವರು ಬಂದು ಕೂತಿರ್ತಾರೆ. ನಾನು ಎದ್ದು ನಿಂತು, ಸ್ನೇಹಿತರೇ, ನಮ್ಮ ಲಾಂಡ್ರೀಲಿ ಯಜಮಾನ ಅನ್ನೋನು ಇಲ್ಲ, ಕೆಲಸ ಮಾಡೋರೇ ಯಜಮಾನರು, ಬಾಗಿಲ ಬಣ್ಣದಿಂದ ಹಿಡಿದು ಬಾಯ್ಲರ್ ತನಕ ಎಲ್ಲಾನೂ ಕೈ ಎತ್ತಿ ತೀರ್ಮಾನ ಮಾಡ್ತೀವಿ ಅಂತ ಹೇಳ್ತಾ ಇರ್ತೀನಿ. ಆಗ ಹಿಂದಿನ ಸಾಲಿನಿಂದ ಯಾರಾದ್ರೂ ಎದ್ದು, 'ಸ್ವಾಮಿ, ನಿಮ್ಮ ಬಾಮೈದನೇ ಬಿಟ್ಟು ಹೋದನಂತಲ್ಲ, ಯಾಕೆ?' ಅಂತ ಕೇಳಿದ್ರೆ? ಏನು ಹೇಳಲಿ? ನಾನೇನು ಹೇಳಲಿ ಅಂತ ನೀನೇ ಹೇಳಿಬಿಟ್ಟು ಹೋಗು.

ನಿನಗೆ ಅನ್ಯಾಯ ಆಗಿದೆ ಅಂತ ನಿನ್ನ ಬೆನ್ನೇ ಹೇಳ್ತಿದೆ. ಎಲ್ಲಿ ಅನ್ಯಾಯ ಆಯ್ತು, ತೋರಿಸು. ಪದ್ಧತಿ ಪ್ರಕಾರವೇ ನಡೀತು ತಾನೆ? ಯಾರ ವಿಷಯ ಚರ್ಚೆಗೆ ಬಂದಿದೆಯೋ ಅವರು ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕು. ಆ ನಿಯಮ ತಂದಿದ್ದು ನಾನೇ, ಅದಕ್ಕೆ ನನಗೆ ಹೆಮ್ಮೆ ಇದೆ. ಯಾಕೆ ತಂದೆ? ಮುಲಾಜು ಇರಬಾರದು ಅಂತ! ಎದುರಿಗೇ ನಿಂತು ಪಿಳಿಪಿಳಿ ನೋಡ್ತಿದ್ರೆ ಯಾರಿಗೆ ತಾನೇ ಕೈ ಏಳುತ್ತೆ? ನಮ್ಮ ಜನ ಮುಖ ನೋಡಿ ಮಣೆ ಹಾಕೋರು. ಮುಖಾನೇ ಇಲ್ಲ ಅಂದ್ರೆ ಮನಸ್ಸಲ್ಲಿ ಇರೋದು ಹೊರಗೆ ಬರುತ್ತೆ. ನೀನು ಹೋಗಿ ಒಣಗಿಸೋ ಮಷೀನುಗಳ ಕಡೆ ತಿರುಗಿ ನಿಂತೆ. ಗುಂಡಿ ಅಕ್ಕ ಆಗಷ್ಟೇ ಆ ಮಷೀನಿನ ಗಾಜು ಒರೆಸಿ ಬಂದು ಕೂತಳು. ನಾನು ಕೇಳ್ದೆ, 'ಗುನುಗೋದು ನಿಲ್ಲಲಿ ಅನ್ನೋರು ಕೈ ಎತ್ತಿ.' ಎತ್ತಿದ್ರು. ನಾನು ಎಣಿಸ್ದೆ. ಮುಗೀತು. ಅಧ್ಯಕ್ಷ ಆದವನು ಎಣಿಸಬೇಕು, ಎತ್ತೋ ಹಾಗಿಲ್ಲ. ನಾನು ಎತ್ತಲಿಲ್ಲ. ಇದೊಂದು ನಿನ್ನ ತಲೇಲಿ ಇರಲಿ, ನಾನು ಎತ್ತಲಿಲ್ಲ.

ಯಾಕೆ ಇಸ್ತ್ರಿ ನಿಲ್ಲಿಸ್ದೆ? ಬಟ್ಟೆ ಸುಟ್ಟೀತು. ಹಾಂ, ಆಡಿಸು, ಆಡಿಸು.

ಏನು ಸನ್ನೆ ಅದು? ಕಿವಿ ಮುಟ್ಕೊಂಡು... ಕೈ ಮೇಲೆ... ಓ, ಗಂಜಿ ಅಜ್ಜ. ಹೂಂ, ಎತ್ತಿದ. ಕಿವಿ ಕೇಳಿಸದೇ ಇರೋನು ಗುನುಗೋದು ನಿಲ್ಲಲಿ ಅಂತ ಕೈ ಎತ್ತಿದ್ನಾ ಅಂತ ತಾನೇ ನಿನ್ನ ಪ್ರಶ್ನೆ? ಅಯ್ಯೋ, ನನಗೂ ನಗು ಬಂತು ಕಣೋ. ಪಕ್ಕದೋರು ಎತ್ತಿದ್ರು, ಅವನೂ ಎತ್ತಿದ. ಫ್ಯಾನ್ ರಿಪೇರಿ ವಿಷಯ ಅಂದ್ಕೊಂಡಿದ್ನಂತೆ. ಆಮೇಲೆ ಬಂದು ನನ್ನನ್ನ ಕೇಳ್ತಾನೆ, 'ಫ್ಯಾನ್ ಯಾವಾಗ ಬರುತ್ತೆ?' ಆದ್ರೆ ಏನ್ಮಾಡೋದು? ಕಿವುಡನ ಕೈನೂ ಕೈಯೇ. ಯೋಚನೆ ಮಾಡಿ ಎತ್ತಿದ ಕೈ ಬೇರೆ, ಸುಮ್ನೆ ಎತ್ತಿದ ಕೈ ಬೇರೆ ಅಂತ ಎಣಿಸೋಕೆ ಹೊರಟ್ರೆ ಲೋಕದಲ್ಲಿ ಒಂದು ಸರ್ಕಾರ ಉಳಿಯುತ್ತಾ?

ಅಂದಹಾಗೆ... ಅಜ್ಜ ಎತ್ತಿದ್ದು ನಿನಗೆ ಯಾರು ಹೇಳಿದ್ರು? ಹೋಗ್ಲಿ. ಯಾರೋ ಹೇಳಿರ್ತಾರೆ. ಇಲ್ಲಿ ಗುಟ್ಟು ಅನ್ನೋದು ನಿಲ್ಲಲ್ಲ.

ನೋಡು, ನಾನು ಓದಿದವನಲ್ಲ, ಆದ್ರೆ ಯೋಚನೆ ಮಾಡಿದ್ದೀನಿ. ರಾತ್ರಿಯೆಲ್ಲ ಅದೇ. ಗಂಟಲು ನಿಂದು, ಒಪ್ಪಿದೆ. ಗಾಳಿ? ಗಾಳಿ ಎಲ್ಲರದ್ದು. ನಿನ್ನ ಗಂಟಲಲ್ಲಿ ಇರೋ ತನಕ ಅದು ನಿನ್ನ ಹಾಡು, ಬಾಯಿ ದಾಟಿ ಬಂತೋ, ಅದು ಸಂಘದ ವಿಷಯ. ಸರಿ ತಾನೆ? ಇದನ್ನೇ ಸಂಜೆ ಹೇಳೋಣ ಅಂತಿದ್ದೆ. ಆಮೇಲೆ ಅನ್ನಿಸ್ತು... ಹಾಗಾದ್ರೆ ಕೆಮ್ಮು? ನಗು? ಬಾಯ್ಲರ್ ಅಣ್ಣ ಬಿಡೋ ಆಕಳಿಕೆ? ಅವೂ ಗಾಳಿಗೆ ತಾನೇ ಬರೋದು. ಎಲ್ಲಿಗೆ ಗೆರೆ ಎಳೀಬೇಕು? ಯಾರು ಎಳೀಬೇಕು? ಗೆರೆ ಎಳೆಯೋಕೂ ಕೈ ಎತ್ತಿಸಬೇಕು. ತಲೆ ಚಿಟ್ಟು ಹಿಡೀತು, ಎದ್ದು ನೀರು ಕುಡಿದೆ.

ನೀನೇನು ಮಹಾ ಸಾಚಾ ಅಂದ್ಕೋಬೇಡ! ಗುಂಡಿ ಅಕ್ಕನ ವಿಷಯದಲ್ಲಿ ನೀನೇನು ಮಾಡ್ದೆ? ಪಾಪ, ಬೆಳಿಗ್ಗೆಯಿಂದ ಸಾಯಂಕಾಲದ ತನಕ ಕಿತ್ತುಹೋದ ಗುಂಡಿ ಹೊಲಿಯೋಳು, ಮಧ್ಯಾಹ್ನ ಒಂದು ಗಳಿಗೆ ಕಿಟಕಿ ಪಕ್ಕ ಒಬ್ಬಳೇ ಕೂತು ಡಬ್ಬಿ ಬಿಚ್ಚೋಳು. ಯಾರ ಗೋಜಿಗೂ ಹೋಗ್ತಿರಲಿಲ್ಲ. ಒಟ್ಟಿಗೆ ಕೂತು ಉಂಡ್ರೆ ಒಗ್ಗಟ್ಟು ಬೆಳೆಯುತ್ತೆ ಅಂತ ತೀರ್ಮಾನ ಬಂತು. ಅವಳು ಗೋಡೆ ಕಡೆ ತಿರುಗಿ ನಿಂತಳು. ಅವತ್ತು ನೀನು ಕೈ ಎತ್ತಿದೆ! ನಾನೇ ಎಣಿಸಿದ್ದೀನಲ್ಲ, ಎರಡನೇ ಸಾಲು, ಎಡಗಡೆ, ನೀನು. ಈಗ ಅವಳು ನಮ್ಮ ಮಧ್ಯೆ ಕೂತು, ತಲೆ ಎತ್ತದೆ, ಗಬಗಬ ತಿಂದು, ಡಬ್ಬಿ ತೊಳೆಯೋಕೆ ಎದ್ದು ಹೋಗ್ತಾಳೆ. ಒಗ್ಗಟ್ಟು ಬೆಳೀತಿದೆ. ಆಹಾ, ಈಗ ತಲೆ ತಗ್ಗಿಸ್ದೆ ನೋಡು. ಅವತ್ತು ಯಾಕೆ ಎತ್ತಿದೆ? ಅವಳ ಮೇಲೆ ಸಿಟ್ಟಿತ್ತಾ? ಇರಲಿಲ್ಲ. ಎಲ್ಲರೂ ಎತ್ತಿದ್ರು, ಒಳ್ಳೇದೇ ಇರಬೇಕು ಅನ್ನಿಸ್ತು. ಅಷ್ಟೇ ಕಣೋ. ಎಲ್ಲರಿಗೂ ಅಷ್ಟೇ ಅನ್ನಿಸೋದು. ನಮ್ಮಲ್ಲಿ ಕೆಟ್ಟವರು ಯಾರೂ ಇಲ್ಲ, ಅದೇ ಕಷ್ಟ.

ರಾಶಿ ಇಳೀತಾ ಬಂತು. ಸ್ವಲ್ಪ ನಿಧಾನ ಮಾಡು. ದಿಂಬಿನ ಚೀಲಕ್ಕೆ ಇಷ್ಟು ಅವಸರ ಯಾಕೆ?

ನಿನಗೆ ಯಜಮಾನನ ಕಾಲ ನೆನಪಿದೆಯಾ? ಇದೇ ಮೇಜು. ಅವನು ಆ ಮೂಲೇಲಿ ಕುರ್ಚಿ ಹಾಕ್ಕೊಂಡು ಕೂತಿರೋನು. ತುಟಿ ಅಲ್ಲಾಡಿದ್ರೆ ಸಾಕು, 'ಯಾರದು ಬಾಯಿ?' ಅಂತ ಗುಡುಗೋನು. ನೀನೇನು ಮಾಡ್ತಿದ್ದೆ? ಅವನು ಅತ್ತ ತಿರುಗಿದ ಕೂಡಲೇ ಗುನುಗ್ತಿದ್ದೆ. ಅವನು ಇತ್ತ ತಿರುಗಿದ್ರೆ ಸುಮ್ನೆ. ಮತ್ತೆ ಅತ್ತ, ಮತ್ತೆ ಗುನುಗು! ನಾವೆಲ್ಲ ಹಾಸಿಗೆ ಬಟ್ಟೇಲಿ ಮುಖ ಮುಚ್ಕೊಂಡು ನಗ್ತಿದ್ವಿ. ನಾನು ನಕ್ಕು ನಕ್ಕು ಬಕೆಟ್ ಮೇಲೆ ಬಿದ್ದಿದ್ದೆ, ನೆನಪಿದೆಯಾ? ಅವತ್ತು ನಿನ್ನ ಗುನುಗು ಅಂದ್ರೆ ನಮ್ಮೆಲ್ಲರ ಧೈರ್ಯ. ಅವನು ಬಾಗಿಲು ಮುಚ್ಚಿ ಹೋದಮೇಲೆ ನಾವು ಸೇರಿ ಈ ಸಂಘ ಕಟ್ಟಿದ್ದೇ ಇನ್ಮೇಲೆ ಯಾರೂ ಯಾರ ಬಾಯಿ ಮುಚ್ಚಿಸಬಾರದು ಅಂತ. ಕಟ್ಟಿದ್ವಿ. ಅವನ ಕುರ್ಚಿ ಸುಟ್ವಿ. ಬಾಯ್ಲರ್ ಒಳಗೇ ಹಾಕಿದ್ವಿ.

ಒಂದು ಕೇಳ್ತೀನಿ, ನಿಜ ಹೇಳು. ಯಜಮಾನ ಬೇಡ ಅಂದಾಗ ಗುನುಗಿದೆ. ನಾವು ಬೇಡ ಅಂದಾಗ ಯಾಕೆ ಸುಮ್ಮನಾದೆ? ನಾವು ಅತ್ತ ತಿರುಗಿದಾಗ ಗುನುಗಬಹುದಲ್ಲ? ... ಓ. ನಾವು ಅತ್ತ ತಿರುಗೋದೇ ಇಲ್ಲ, ಅಲ್ವಾ? ಅವನೊಬ್ಬ ಇದ್ದ, ಅವನಿಗೆ ಎರಡೇ ಕಣ್ಣು. ಅವನ ಬೆನ್ನ ಹಿಂದೆ ನಾವಿದ್ವಿ. ಈಗ ನಮ್ಮ ಬೆನ್ನ ಹಿಂದೆ ಯಾರೂ ಇಲ್ಲ. ನೀನು ಗುನುಗಿದ್ರೆ ನಗೋಕೆ ಒಬ್ಬನೂ ಉಳಿದಿಲ್ಲ. ಥೂ, ಏನೇನೋ ಮಾತಾಡ್ತಿದ್ದೀನಿ. ಇದನ್ನ ಸಂಜೆ ಹೇಳೋಕಾಗಲ್ಲ.

ಯಾರು ದೂರು ಕೊಟ್ಟಿದ್ದು ಅಂತಾನಾ? ಅದನ್ನ ಹೇಳೋ ಹಾಗಿಲ್ಲ. ಸದಸ್ಯರೊಬ್ಬರು. ಹೆಸರು ಬೇಡ. ನೆಮ್ಮದಿಯಾಗಿ ಕೆಲಸ ಮಾಡೋಕಾಗ್ತಿಲ್ಲ ಅಂದ್ರು. ಆ ರಾಗ ಕಿವೀಲಿ ಕೂತ್ಕೊಂಡುಬಿಡುತ್ತೆ, ಮನೆಗೆ ಹೋದ್ರೂ ಬಿಡಲ್ಲ ಅಂದ್ರು. ಮನೇಲೂ ಅದೇ ರಾಗ... ಮನೇಲಿ ಅಂದ್ರೆ, ಅವರ ಮನೇಲಿ. ಅವರು ಹೇಳಿದ್ದು.

ಸರಿ, ಹೋಗೋದೇ ಅಂತ ಆಯ್ತು. ಎಲ್ಲಿಗೆ ಹೋಗ್ತೀಯ? ಅವಳ ಹತ್ರಾನೇ ತಾನೆ? ನನಗೆ ಗೊತ್ತಿಲ್ಲ ಅಂದ್ಕೋಬೇಡ. ನಿನ್ನಕ್ಕ ನಮ್ಮ ಮಗಳು ಪುಟ್ಟೀನ ಕರ್ಕೊಂಡು ಎಲ್ಲಿದ್ದಾಳೆ ಅಂತ ನಿನಗೊಬ್ಬನಿಗೇ ಗೊತ್ತು. ಎರಡು ತಿಂಗಳಾಯ್ತು. ಇಲ್ಲಿ ಎಲ್ಲರಿಗೂ ಏನು ಹೇಳಿದ್ದೀನಿ? ತವರಿಗೆ ಹೋಗಿದ್ದಾಳೆ, ಅತ್ತೆಗೆ ಹುಷಾರಿಲ್ಲ, ಬರ್ತಾಳೆ. ಅತ್ತೆ ಮೊನ್ನೆ ಪೇಟೇಲಿ ಎದುರು ಸಿಕ್ಕಿ, ಗಟ್ಟಿಮುಟ್ಟಾಗಿ ಚೀಲ ಹೊತ್ಕೊಂಡು, ನನ್ನ ಮುಖ ನೋಡದೆ ಹೋದ್ರು. ಅದಕ್ಕೇ ಹೇಳ್ತಿರೋದು, ನೀನು ಇಲ್ಲೇ ಇರು. ನೀನಿದ್ರೆ ಅವಳ ಕಡೆಯಿಂದ ಒಂದು ಸುದ್ದಿ, ಪುಟ್ಟಿ ಕಡೆಯಿಂದ ಒಂದು ಮಾತು... ನೀನೂ ಹೋಗಿಬಿಟ್ರೆ ಅವಳು ಬರೋ ದಾರೀನೇ ಮುಚ್ಚಿಹೋಗುತ್ತೆ. ಅಂಗಲಾಚ್ತಾ ಇದ್ದೀನಿ ಅಂತಾನೇ ತಿಳ್ಕೋ. ನನಗೆ ಅವಳು ಬೇಕು. ಪುಟ್ಟಿ ಬೇಕು. ಮನೆ ಬಿಕೋ ಅಂತಿದೆ ಕಣೋ.

ನಾನೇನು ಮಾಡ್ದೆ ಅವಳಿಗೆ? ಹೇಳು! ಕುಡೀತೀನಾ? ಜೂಜಾಡ್ತೀನಾ? ಇವತ್ತಿನ ತನಕ ಅವಳ ಮೇಲೆ ಒಂದು ದಿನ ಕೈ ಎತ್ತಿದವನಲ್ಲ ನಾನು!

ಯಾಕೆ ನಗ್ತೀಯ? ... ಈಗ ಯಾಕೆ ನಕ್ಕೆ? ಇಷ್ಟೊತ್ತು ಕಲ್ಲಿನ ಹಾಗೆ ಇದ್ದವನು ಇದಕ್ಕೆ ನಕ್ಯಲ್ಲ. ಹೊಡೆದಿಲ್ಲ ಅಂದೆ. ಅದರಲ್ಲಿ ನಗೋದೇನಿದೆ?

ಓಹೋ. ಆ ಕೈ ಎತ್ತೋದು. ಅದನ್ನ ಹೇಳ್ತಿದ್ದೀಯಾ. ಅವಳು ನಿನ್ನ ಹತ್ರ ಹೇಳಿದ್ದಾಳೆ ಅಂತಾಯ್ತು. ಹೇಳಲಿ, ಮುಚ್ಚಿಡೋಕೆ ಏನಿದೆ? ನಮ್ಮ ಮನೇಲೂ ಲಾಂಡ್ರಿ ಪದ್ಧತೀನೇ. ನಾನು ಹೊರಗೆ ಒಂದು ಮನೇಲಿ ಒಂದು ಮಾಡೋನಲ್ಲ. ಬೇರೆ ಗಂಡಸರ ಹಾಗೆ ನಾನು ಹೇಳಿದ್ದೇ ನಡೀಬೇಕು ಅಂದಿದ್ದೀನಾ? ಗೋಡೆಗೆ ಸುಣ್ಣ ಹೊಡೆಸೋದಾದ್ರೂ ಅಮ್ಮ, ತಂಗಿ, ಅವಳು, ಪುಟ್ಟಿ, ನಾನು, ಎಲ್ಲರೂ ಕೂತು ಕೈ ಎತ್ತಿ ತೀರ್ಮಾನ. ಪುಟ್ಟಿಗೂ ಒಂದು ಮತ! ಎಂಟು ವರ್ಷದ ಮಗೂಗೆ ಮತ ಕೊಟ್ಟ ಅಪ್ಪನ್ನ ತೋರಿಸು ನೋಡೋಣ!

ನಿನ್ನಕ್ಕನೂ ನಿನ್ನ ಹಾಗೇ, ಕೆಲಸ ಮಾಡ್ತಾ ಗುನುಗೋಳು. ಅದೇ ರಾಗ. ನಿಮ್ಮಮ್ಮನಿಂದ ಬಂದಿದ್ದಂತಲ್ಲ, ಮಾತಿಲ್ಲ, ಬರೀ ಹೂಂ ಹೂಂ ಹೂಂ, ಏರಿ ಇಳಿದು ಮತ್ತೆ ಮೊದಲಿಗೆ. ನಮ್ಮಮ್ಮನಿಗೆ ತಲೆನೋವು ಬರ್ತಿತ್ತು. ತಲೆನೋವು ಬರುತ್ತೆ ಅಂದ್ರು. ಒಂದು ಸಂಜೆ ವಿಷಯ ತಂದ್ವಿ. ಅವಳು ಒಲೆ ಕಡೆ ತಿರುಗಿ ನಿಂತಿದ್ಲು, ಹೇಗೂ ಅಡುಗೆ ಮಾಡ್ತಿದ್ಲಲ್ಲ, ತಿರುಗು ಅಂತ ಹೇಳೋದೂ ಬೇಕಾಗಲಿಲ್ಲ. ನಾನು ಕೇಳ್ದೆ. ಅಮ್ಮ ಎತ್ತಿದ್ರು, ತಂಗಿ ಎತ್ತಿದ್ಲು, ಪುಟ್ಟಿ ಎತ್ತಿದ್ಲು. ನಾನು ಎತ್ತಲಿಲ್ಲ. ಅವಳಿಗೂ ಅದನ್ನೇ ಹೇಳ್ದೆ. 'ನಾನು ಎತ್ತಲಿಲ್ಲ ಕಣೇ, ಏನ್ಮಾಡ್ಲಿ, ನಿನ್ನ ಮಗಳೇ ಎತ್ತಿದ್ಲು' ಅಂದೆ. ಅವಳು ಒಲೆ ಆರಿಸಿದ್ಲು. ಬಡಿಸಿದ್ಲು. ಪುಟ್ಟಿ ತಲೆ ಸವರಿದ್ಲು. ಆಮೇಲೆ ಗುನುಗಲಿಲ್ಲ. ಒಂದು ವಾರ ಗುನುಗಲಿಲ್ಲ, ಮಾತೂ ಇಲ್ಲ, ನಿನ್ನ ಹಾಗೇ. ಒಂದು ಮಧ್ಯಾಹ್ನ ಬಂದು ನೋಡಿದ್ರೆ ಇಬ್ಬರೂ ಇಲ್ಲ.

ಒಂದು ರಾಗಕ್ಕೆ ಮನೆ ಬಿಟ್ಟು ಹೋಗ್ತಾರಾ? ಜನ ಕೇಳಿದ್ರೆ ನಗ್ತಾರೆ. ನಾನು ಅವಳಿಗೆ ಏನು ಕಮ್ಮಿ ಮಾಡಿದ್ದೆ?

ನೀನೇನು ಹಾಗೆ ನೋಡ್ತೀಯ?

ಆಯ್ತಪ್ಪ. ಆಯ್ತು. ಅಮ್ಮನಿಗೆ ತಲೆನೋವು ಇರಲಿಲ್ಲ. ಅಂದ್ರೆ, ಇತ್ತು, ಅಮ್ಮನಿಗೆ ಯಾವಾಗ್ಲೂ ಇರುತ್ತೆ. ಆದ್ರೆ ವಿಷಯ ಎತ್ತಿದ್ದು ನಾನು. ನೀನು ನನ್ನ ಬಾಮೈದ ಅಂತ ಹೇಳ್ತಿದ್ದೀನಿ, ಬೇರೆ ಯಾರಿಗೂ ಹೇಳಿಲ್ಲ. ಗುನುಗುವಾಗ ಅವಳು ಅಲ್ಲಿ ಇರ್ತಿರಲಿಲ್ಲ ಕಣೋ. ನಾನು ಮಾತಾಡ್ತಾ ಇರ್ತೀನಿ, ದಿನವೆಲ್ಲ ಆಗಿದ್ದು ಹೇಳ್ತಾ ಇರ್ತೀನಿ, ಅವಳ ಕೈ ಕೆಲಸದಲ್ಲಿರುತ್ತೆ, ಕಣ್ಣು ನನ್ನ ಮೇಲೇ ಇರುತ್ತೆ, ಅವಳು ಮಾತ್ರ ಇಲ್ಲ. ಎಲ್ಲೋ ಹೋಗಿರ್ತಾಳೆ. ಸುಖವಾಗಿರ್ತಾಳೆ ಅಲ್ಲಿ, ಮುಖದಲ್ಲಿ ಗೊತ್ತಾಗುತ್ತೆ. ನನಗೆ ಬಾ ಅಂತ ಯಾರೂ ಕರೀದೇ ಇರೋ ಜಾಗ ಅದು. ಹೊಟ್ಟೆ ಉರೀತಿತ್ತು. ಗಂಡಸಾದವನು ಯಾರ ಹತ್ರ ಹೋಗಿ ಹೇಳ್ಕೊಳ್ಳಲಿ? ನನ್ನ ಹೆಂಡತಿಯ ರಾಗದ ಮೇಲೆ ನನಗೆ ಹೊಟ್ಟೆಕಿಚ್ಚು ಅಂತಾನಾ? ನಿಲ್ಲಿಸು ಅಂತ ನಾನೇ ಹೇಳಿದ್ರೆ ದಬ್ಬಾಳಿಕೆ ಆಗುತ್ತೆ. ಯಜಮಾನ ಆಗಿಬಿಡ್ತೀನಿ. ಅದಕ್ಕೇ... ಎಲ್ಲರೂ ಹೇಳಲಿ ಅಂತ ಬಿಟ್ಟೆ.

ಅವಳು ಹೋದಮೇಲೆ ಮನೇಲಿ ಆ ರಾಗ ಇಲ್ಲ. ಇಲ್ಲಿಗೆ ಬಂದ್ರೆ ಇದೆ! ದಿನಾ, ಆವಿ ಒಳಗಿಂದ, ನಿನ್ನ ಗಂಟಲಲ್ಲಿ ಅವಳು. ಹೂಂ ಹೂಂ ಹೂಂ. ತಡ್ಕೊಳ್ಳೋಕಾಗಲಿಲ್ಲ. ದೂರು ಕೊಟ್ಟ ಸದಸ್ಯರು ಯಾರೂ ಇಲ್ಲ, ನಾನೇ. ಸಾಕಾ? ಈಗ ತೃಪ್ತಿ ಆಯ್ತಾ? ಆದ್ರೆ ವಿಷಯ ತಂದಿದ್ದು ಮಾತ್ರ ನಾನು. ತೀರ್ಮಾನ ಅವರದ್ದು. ಅವರು ಎತ್ತದೇ ಇರಬಹುದಿತ್ತು, ಮನೇಲಾಗ್ಲಿ ಇಲ್ಲಾಗ್ಲಿ. ಸ್ವತಂತ್ರ ಜನ ಅವರು! ನಾನು ಎರಡು ಕಡೇನೂ ಎಣಿಸ್ದೆ ಅಷ್ಟೇ. ಎಣಿಸಿದವನ ಮೇಲೆ ಏನು ತಪ್ಪು?

ಏನಾದ್ರೂ ಹೇಳೋ. ಹೀಗೆ ಸುಮ್ನೆ ಇರಬೇಡ. ನಾನು ಇಷ್ಟೆಲ್ಲ ಬಾಯಿ ಬಿಟ್ಟು ಹೇಳ್ತಿದ್ದೀನಿ... ಗುನುಗು! ತಗೋ, ಅಧ್ಯಕ್ಷನಾಗಿ ಹೇಳ್ತಿದ್ದೀನಿ, ತೀರ್ಮಾನ ರದ್ದು, ಗುನುಗು! ... ಆಗಲ್ವಾ? ಹೌದು, ರದ್ದು ಮಾಡೋಕೂ ಸಭೆ ಕರೀಬೇಕು. ಕರೀತೀನಿ. ನಾಳೇನೇ ಕರೀತೀನಿ. ನಾನು ಹೀಗೆ ಕೈ ಎತ್ತಿಬಿಡೋ ಪೈಕಿ ಅಲ್ಲ, ಸರಿ ಮಾಡ್ತೀನಿ. ನಾಳೆ ತನಕ ಇರ್ತೀಯಾ?

ಕೊನೇದು ನನ್ನ ಅಂಗೀನಾ? ಅಷ್ಟು ಬೇಗ ಆ ರಾಶಿ ಮುಗೀತಾ? ಅಯ್ಯೋ, ಗಂಜಿ! ಗಂಜಿ ನೋಡ್ಕೊಂಡು ಅಂದ್ನಲ್ಲ, ಅಷ್ಟು ಸುರೀತಾ ಇದ್ದೀಯ! ಬಿಡು, ನಿನ್ನಿಷ್ಟ. ಕಾಲರ್ ಚೆನ್ನಾಗಿ ಬಂತು. ಬೆನ್ನು... ಸರಿ. ಎಡ ತೋಳು ಮಡಚಿದೆ, ಸರಿ. ಬಲ ತೋಳೂ ಹಾಗೇ ಹಿಂದಕ್ಕೆ... ಎಲ್ಲಿಗೆ ತಗೊಂಡು ಹೋಗ್ತಿದ್ದೀಯ ಅದನ್ನ? ಕೆಳಗೆ ಕಣೋ, ಕೆಳಗೆ ಮಡಚಬೇಕು. ಕತ್ತಿನ ಮೇಲಕ್ಕೆ ಯಾಕೆ ಎತ್ತಿಟ್ಟೆ? ಹಾಗೇ ಗೆರೆ ಕೂರಿಸ್ತಾ ಇದ್ದೀಯಲ್ಲ! ಇದೇನು ತಮಾಷೆ? ಒಂದು ತೋಳು ಕೆಳಗೆ, ಒಂದು ಮೇಲೆ. ಹೀಗೆ ಮಲಗಿಸಿದ್ರೆ ನೋಡೋಕೆ...

ನೋಡೋಕೆ...

ನೀನು ಗೋಡೆ ಕಡೆ ತಾನೇ ನಿಂತಿದ್ದೆ?

ಮಷೀನುಗಳ ಕಡೆ. ಆ ದುಂಡು ಬಾಗಿಲು. ಗುಂಡಿ ಅಕ್ಕ ಆಗಷ್ಟೇ ಒರೆಸಿದ್ಲು. ಕಾಣಿಸ್ತಿತ್ತಾ? ಅದರಲ್ಲಿ ಎಲ್ಲಾ ಕಾಣಿಸ್ತಿತ್ತಾ? ಅಜ್ಜ ಎತ್ತಿದ್ದು... ನೀನೇ ನೋಡಿದ್ದು. ಯಾರೂ ಹೇಳಿಲ್ಲ ನಿನಗೆ.

ಹಾಗಾದ್ರೆ ಮೊದಲು ಎದ್ದ ಕೈ ಯಾರದ್ದು ಅಂತಾನೂ...

ಇಲ್ಲ, ಕೇಳು. ಯಾರೂ ಎತ್ತಲಿಲ್ಲ ಕಣೋ ಮೊದಲು. ನಾನು ಕೇಳ್ದೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ರು. ಬಾಯ್ಲರ್ ಅಣ್ಣ ಕಾಲು ನೋಡ್ಕೊಂಡ. ಆಗ ನಾನು... ಸುಮ್ನೆ, ಹೀಗೆ ಎತ್ತೋದು ಅಂತ ತೋರಿಸೋಕೆ... ಅಲ್ಲ. ಎತ್ತಿದೆ. ನಾನೇ ಎತ್ತಿದೆ. ಅದನ್ನ ನೋಡಿ ಒಬ್ಬೊಬ್ಬರಾಗಿ ಎತ್ತಿದ್ರು. ಆಮೇಲೆ ನಾನು ಇಳಿಸಿ ಎಣಿಸೋಕೆ ಶುರು ಮಾಡ್ದೆ.

ಎಲ್ಲಾ ಗೊತ್ತಿದ್ದೂ ಇಷ್ಟೊತ್ತು ನನ್ನ ಕೈಲಿ ಸುಳ್ಳು ಹೇಳಿಸ್ತಾ ಇದ್ಯಾ?

ಚೀಲ ಯಾಕೆ ತಗೋತೀಯ? ನಿಲ್ಲು. ನಿಲ್ಲು, ಒಂದು ಮಾತು, ಒಂದೇ ಮಾತು. ಮನೇಲಿ... ಅವಳು ಒಲೆ ಕಡೆ ತಿರುಗಿದ್ಲು. ಒಲೆ ಹಿಂದೆ ಶೆಲ್ಫ್ ಇದೆ. ಅದರ ಮೇಲೆ ಆ ದೊಡ್ಡ ಸ್ಟೀಲ್ ಡಬ್ಬಿ. ಅದನ್ನ ಉಜ್ಜೀ ಉಜ್ಜೀ ಇಟ್ಟಿರ್ತಿದ್ಲು, ಪುಟ್ಟಿ ಅದರ ಮುಂದೆ ನಿಂತು ತಲೆ ಬಾಚ್ಕೋತಿದ್ಲು, ಅಷ್ಟು ಹೊಳೀತಿತ್ತು...

ಅವಳೂ ನೋಡಿದ್ಲಾ?

ಹೇಳೋ. ಹೂಂ ಅನ್ನು, ಉಹೂಂ ಅನ್ನು. ಪುಟ್ಟಿ ಎತ್ತಲಿಲ್ಲ ಕಣೋ. ಎರಡು ಕೈನೂ ತೊಡೆ ಕೆಳಗೆ ಇಟ್ಕೊಂಡು ಕೂತಿತ್ತು ಮಗು, ನಾನು ಕಣ್ಸನ್ನೆ ಮಾಡಿದ್ರೂ ತೆಗೀಲಿಲ್ಲ. ಅಮ್ಮ, ತಂಗಿ ಒಂದು ಕಡೆ. ಮಗಳು, ತಾಯಿ ಒಂದು ಕಡೆ. ಸಮ ಸಮ. ನಾನು ಎತ್ತಿದ್ದಕ್ಕೇ ಅದು ತೀರ್ಮಾನ ಆಗಿದ್ದು. ಎತ್ತಿಬಿಟ್ಟು, ಮಗಳ ಮೇಲೆ ಹಾಕ್ದೆ. ಅದು ಅವಳಿಗೆ ಗೊತ್ತಾ? ಪುಟ್ಟಿ ತಲೆ ಸವರಿದ್ಲಲ್ಲ ಅವತ್ತು, ಗೊತ್ತಿದ್ದೇ ಸವರಿದ್ಲಾ? ಅವಳು ರಾಗಕ್ಕೆ ಮನೆ ಬಿಡಲಿಲ್ವಾ ಹಾಗಾದ್ರೆ?

ಮಾತಾಡೋ. ಬೈಯೋ. ...

ಗೊತ್ತು ಅಂತಾಯ್ತು.

ಬಾಗಿಲು ಎಳ್ಕೋಬೇಡ! ಹೋಗಿ ಅವಳಿಗೆ ಹೇಳು, ನಾನು... ಏನಂತ ಹೇಳ್ತೀಯ. ಪುಟ್ಟಿಗೆ ಹೇಳು, ಅಪ್ಪ... ಬೇಡ. ನಾನೇ ಹೇಳಬೇಕು ಅದನ್ನ. ಸಂಜೆ ನಾನು ಇದನ್ನ ಹೇಗೋ ಹಾಕ್ಕೊಳ್ಳಲಿ? ಎಷ್ಟು ಗಂಜಿ ಸುರಿದಿದ್ದೀಯ, ಕೆಳಗೆ ಮಡಚಿದ್ರೆ ಮತ್ತೆ ಏಳುತ್ತಲ್ಲೋ ಈ ತೋಳು! ಒತ್ತಿ ಹಿಡಿದ್ರೂ ಏಳುತ್ತೆ! ಬಾರೋ ಇಲ್ಲಿ, ಒಂದು ನಿಮಿಷ ಬಾ... ಇಳಿಸಿಕೊಟ್ಟು ಹೋಗೋ ಇದನ್ನ.